‘ಮಾರ್ಕರ್’ ಬಂದಾಗ ಕನ್ನಡದಲ್ಲಿ ಏನು ಬರೆಯುವುದು?

ಅನುವಾದದ ನಡುವೆ ಇಂಗ್ಲಿಷಿನ ‘ಮಾರ್ಕರ್’ ಎದುರಾದರೆ ನಿಘಂಟು ತೆರೆಯುವ ಮೊದಲು ಅದರ ಅಕ್ಕಪಕ್ಕದ ಪದಗಳನ್ನು ನೋಡಿ. ಅದು ಗುರುತು ಹಾಕುವ ಸಾಧನವೋ, ಹಾಕುವ ಮನುಷ್ಯನೋ, ಇಲ್ಲವೇ ಗುರುತೇ ಅದೋ? ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಪೆನ್ನಾದರೆ ತಲೆ ಕೆಡಿಸಿಕೊಳ್ಳದೆ ಮಾರ್ಕರ್ ಎಂದೇ ಇಡಿ. ಆದರೆ ‘ಪರ್ಮನೆಂಟ್ ಮಾರ್ಕರ್’ ಅನ್ನು ‘ಅಳಿಸಲಾಗದ ಮಾರ್ಕರ್’ ಮಾಡಬೇಡಿ. ಆ ಶಾಯಿ ನೀರಿಗೆ ಜಗ್ಗದಿದ್ದರೂ ನುಣುಪಾದ ಗಾಜಿನ ಮೇಲಿದ್ದರೆ ಸ್ಪಿರಿಟ್ಟಿಗೆ ಬಿಟ್ಟುಕೊಡುತ್ತದೆ. ‘ನೀರಿಗೆ ಅಳಿಯದ’ ಎಂದರೆ ಸಾಕು.

ಮನುಷ್ಯನಾದರೆ ಎರಡು ಕಡೆ ಎಚ್ಚರ ಬೇಕು. ಬ್ರಿಟಿಷ್ ಇಂಗ್ಲಿಷಿನಲ್ಲಿ ಉತ್ತರಪತ್ರಿಕೆಗೆ ಅಂಕ ಕೊಡುವ ಮೌಲ್ಯಮಾಪಕರೂ ಮಾರ್ಕರ್. ಫುಟ್‌ಬಾಲಿನಲ್ಲಿ ಎದುರಾಳಿಗೆ ಅಂಟಿಕೊಂಡು ಕಾಯುವವನೂ ಮಾರ್ಕರ್. ಪಂದ್ಯದ ವರದಿಯಲ್ಲಿ ಆಟಗಾರ ತನ್ನ ಮಾರ್ಕರನ್ನು ‘ಲಾಸ್ಟ್’ ಮಾಡಿದ ಎಂದಿದ್ದರೆ ಕಾವಲಿದ್ದವನಿಂದ ತಪ್ಪಿಸಿಕೊಂಡ ಎಂದರ್ಥ, ಪೆನ್ನು ಕಳೆದುಕೊಂಡದ್ದಲ್ಲ!

ರಸ್ತೆಯ ‘ಮೈಲ್ ಮಾರ್ಕರ್’ ನೋಡಲು ನಮ್ಮ ಮೈಲಿಗಲ್ಲು. ಆದರೆ ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಆ ಸಂಖ್ಯೆ ಮುಂದಿನ ಊರಿನ ದೂರವಲ್ಲ. ಸಾಮಾನ್ಯವಾಗಿ ರಾಜ್ಯದ ದಕ್ಷಿಣ ಅಥವಾ ಪಶ್ಚಿಮ ಗಡಿಯಿಂದ ಎಣಿಕೆ ಶುರುವಾಗುತ್ತದೆ. ‘ಮೈಲ್ ಮಾರ್ಕರ್ 120ರ ಬಳಿ ಅಪಘಾತ’ ಎಂಬುದು ‘120ನೇ ಮೈಲಿಗಲ್ಲಿನ ಬಳಿ’ ಆಗಬೇಕು. ‘120 ಮೈಲಿ ದೂರದಲ್ಲಿ’ ಎಂದರೆ ತಪ್ಪು.

ವ್ಯಾಕರಣದಲ್ಲಿ ಮಾತ್ರ ಈ ಪದ ನಿಜಕ್ಕೂ ಕಾಡುತ್ತದೆ. ‘ಮರಗಳನ್ನು’ ಎಂಬುದನ್ನು ಬಿಡಿಸಿದರೆ ಮರ, ಗಳು, ಅನ್ನು. ‘ಗಳು’ ಪ್ಲೂರಲ್ ಮಾರ್ಕರ್, ‘ಅನ್ನು’ ಕೇಸ್ ಮಾರ್ಕರ್. ಇವಕ್ಕೆ ಬಹುವಚನ ಪ್ರತ್ಯಯ, ವಿಭಕ್ತಿ ಪ್ರತ್ಯಯ ಎಂಬ ಹಳೆಯ ಹೆಸರುಗಳೇ ಇರುವಾಗ ಹೊಸದನ್ನು ಕಟ್ಟುವುದು ವ್ಯರ್ಥ. ಹಾಗೆಂದು ಎಲ್ಲ ಮಾರ್ಕರಿಗೂ ಪ್ರತ್ಯಯ ಎಂದು ಬರೆದರೆ ಕೆಡುತ್ತದೆ. ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರಬೇಕು. ಇಂಗ್ಲಿಷಿನ ‘ಟು ಗೋ’ದಲ್ಲಿರುವ ‘ಟು’ವನ್ನೂ ಮಾರ್ಕರ್ ಎನ್ನುತ್ತಾರೆ, ಆದರೆ ಅದು ಬಿಡಿಯಾಗಿ ನಿಲ್ಲುವ ಪದ. ಅಂಥಲ್ಲಿ ‘ಸೂಚಕ’ ಬಳಸಿ. ‘ಅಂದಹಾಗೆ’, ‘ಆಮೇಲೆ’ ತರಹದ ಡಿಸ್ಕೋರ್ಸ್ ಮಾರ್ಕರುಗಳಿಗೂ ಅದೇ ಹೊಂದುತ್ತದೆ.

ವೈದ್ಯಕೀಯದಲ್ಲಿಯೂ ‘ಸೂಚಕ’ವೇ ಸರಿ, ‘ಪುರಾವೆ’ ಬೇಡವೇ ಬೇಡ. ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಪಿಎಸ್‌ಎ ಎಂಬ ಪ್ರೋಟೀನ್ ಇಂಥದೊಂದು ಮಾರ್ಕರ್. ರಕ್ತದಲ್ಲಿ ಅದು ಏರುವುದು ಪ್ರಾಸ್ಟೇಟ್ ಕ್ಯಾನ್ಸರಿನಿಂದ ಇರಬಹುದು, ಬರೀ ಗ್ರಂಥಿ ಊದಿಕೊಂಡದ್ದರಿಂದಲೋ ಸೋಂಕಿನಿಂದಲೋ ಇರಬಹುದು. ‘ಟ್ಯೂಮರ್ ಮಾರ್ಕರ್ ಹೆಚ್ಚಿದೆ’ ಎಂಬುದನ್ನು ‘ಗೆಡ್ಡೆ ಇರುವುದು ಖಚಿತವಾಗಿದೆ’ ಎಂದು ಬರೆದುಬಿಟ್ಟರೆ ಓದುವ ರೋಗಿಯ ಎದೆ ಒಡೆಯುತ್ತದೆ.

ನುಡಿಗಟ್ಟುಗಳಲ್ಲಿ ಪದ ಹಿಡಿದು ಹೋಗಬೇಡಿ. ಬ್ರಿಟಿಷ್ ರಾಜಕಾರಣಿ ‘ಮಾರ್ಕರ್ ಇಟ್ಟರೆ’ ತನ್ನ ನಿಲುವನ್ನು ಮೊದಲೇ ಖಡಾಖಂಡಿತವಾಗಿ ಸಾರಿದ್ದಾನೆ ಎಂದರ್ಥ. ಅಮೆರಿಕದ ಜೂಜಿನ ಮನೆಯಲ್ಲಾದರೆ ಮಾರ್ಕರ್ ಸಾಲದ ಚೀಟಿ.

ಕೊನೆಗೆ ಪ್ರಯೋಗಾಲಯದ ಕೈಪಿಡಿ. ‘ಮೊದಲ ಗುಳಿಯೊಳಗೆ 5 ಮೈಕ್ರೋಲೀಟರ್ ಮಾರ್ಕರ್ ಹಾಕಿ’ ಎಂದಿದ್ದರೆ ಅದು ಶಾಯಿಯಲ್ಲ, ಉದ್ದ ಮೊದಲೇ ಗೊತ್ತಿರುವ ಡಿಎನ್‌ಎ ತುಣುಕುಗಳ ಮಿಶ್ರಣ. ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಲೋಳೆಯಂಥ ಜೆಲ್ಲಿನಲ್ಲಿ, ಪರೀಕ್ಷಿಸಬೇಕಾದ ತುಣುಕುಗಳನ್ನು ಈ ಮಿಶ್ರಣದ ಪಕ್ಕಕ್ಕಿಟ್ಟು ಅವುಗಳ ಉದ್ದವನ್ನು ಅಂದಾಜು ಮಾಡುತ್ತಾರೆ. ಅದೇ ಪುಟದಲ್ಲಿ ‘ಕೊಳವೆಯ ಮೇಲೆ ಮಾರ್ಕರಿನಿಂದ ಬರೆಯಿರಿ’ ಎಂದೂ ಇರುತ್ತದೆ. ಅಲ್ಲಿ ಒಂದನ್ನು ‘ಡಿಎನ್‌ಎ ಮಾರ್ಕರ್’, ಇನ್ನೊಂದನ್ನು ‘ಮಾರ್ಕರ್ ಪೆನ್’ ಎಂದು ಪ್ರತಿ ಸಲವೂ ಪೂರ್ತಿ ಬರೆಯಿರಿ.