ಕುರ್ಚಿಯಿಂದ ಎದ್ದು ಬರಲು ಅಜ್ಜಿಗೆ ಎಷ್ಟು ಸೆಕೆಂಡು?

‘ಮೊದಲಿನ ಹಾಗೆ ಓಡಾಡಲ್ಲ ಡಾಕ್ಟ್ರೇ’ ಅಂದರೆ ವೈದ್ಯರಿಗೆ ಏನೂ ತಿಳಿಯದು. ಎದ್ದು ನಡೆದು ಬಂದು ಕೂರಲು ಎಷ್ಟು ಸೆಕೆಂಡು ಬೇಕೆಂದು ಅಳೆದು ಬರೆದುಕೊಂಡು ಹೋಗಿ.

ಕೈಗಳಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಏಳುವಾಗಲೇ ಜಾರುತ್ತದೆ. ಅದರ ಮುಂದೆ 3 ಮೀಟರ್ ಅಳೆದು ನೆಲಕ್ಕೆ ಟೇಪ್ ಅಂಟಿಸಿ. ದಿನಾ ಹಾಕುವ ಚಪ್ಪಲಿ, ಹಿಡಿಯುವ ಕೋಲು ಇರಲಿ. ಅಜ್ಜಿ ಎದ್ದು, ಗೆರೆಯವರೆಗೆ ನಡೆದು, ತಿರುಗಿ ಬಂದು ಕೂರಬೇಕು. ‘ಏಳಿ’ ಅಂದಾಗ ಮೊಬೈಲ್‌ನ ಸ್ಟಾಪ್‌ವಾಚ್ ಒತ್ತಿ, ಕೂತ ಮೇಲೆ ನಿಲ್ಲಿಸಿ. ಮೊದಲ ಸಲದ್ದು ರೂಢಿಗೆ, ಎರಡನೆಯದನ್ನು ಬರೆಯಿರಿ. ನೀವು ಅವರ ಪಕ್ಕದಲ್ಲೇ, ಅರ್ಧ ಹೆಜ್ಜೆ ಹಿಂದೆ ಇರಿ.

12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳುವ ಅಪಾಯವಿದೆ ಎಂದೇ ಲೆಕ್ಕ. ‘ಪರೀಕ್ಷೆ’ ಅಂದರೆ ಕೆಲವರು ಹಟಕ್ಕೆ ಬಿದ್ದು ಓಡುತ್ತಾರೆ. ‘ದಿನಾ ನಡೆಯೋ ಹಾಗೆ ನಡೀರಿ’ ಅನ್ನಿ. ಸೆಕೆಂಡಿಗಿಂತ ಕಣ್ಣಿಗೆ ಕಂಡದ್ದು ಹೆಚ್ಚು ಹೇಳುತ್ತದೆ. ಕುರ್ಚಿಯ ಕೈ ಒತ್ತದೆ ಏಳಲಾಗದಿದ್ದರೆ ತೊಡೆಯ ಬಲ ಕುಗ್ಗಿರಬಹುದು. ತಿರುಗಲು ಏಳೆಂಟು ಪುಟ್ಟ ಹೆಜ್ಜೆ ಬೇಕಾಯಿತೇ, ಮೊದಲ ಹೆಜ್ಜೆ ನೆಲಕ್ಕೆ ಅಂಟಿದಂತಾಯಿತೇ, ಅದನ್ನೂ ಬರೆಯಿರಿ.

ಎದ್ದ ಕೂಡಲೇ ತಲೆ ತಿರುಗುವುದಾದರೆ ಬಿಪಿಯನ್ನು ಮೂರು ಸಲ ನೋಡಿ: 5 ನಿಮಿಷ ಮಲಗಿದ ಮೇಲೆ, ಎದ್ದು ನಿಂತ 1 ನಿಮಿಷಕ್ಕೆ, 3 ನಿಮಿಷಕ್ಕೆ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಲೇಬೇಕು. ಬಿಪಿ, ಪ್ರಾಸ್ಟೇಟ್, ನಿದ್ದೆ ಮಾತ್ರೆಗಳು ಹೀಗೆ ಮಾಡುವುದುಂಟು. ನೀವೇ ಮಾತ್ರೆ ನಿಲ್ಲಿಸಬೇಡಿ, ಎಲ್ಲ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ. ಅಳೆಯುವಾಗಲೇ ಕಣ್ಣು ಕತ್ತಲೆ ಬಂದರೆ ಕೂರಿಸಿ, ಅಲ್ಲಿಗೆ ಬಿಡಿ.

ಕೋಲಿನ ವಿಷಯದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಚಪ್ಪಲಿ ಹಾಕಿ, ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸಮ ಬರಬೇಕು. ಬಲ ಮಂಡಿ ನೋವಿದ್ದರೆ ಕೋಲು ಎಡಗೈಯಲ್ಲಿ. ಬುಡದ ರಬ್ಬರ್ ಸವೆದಿದ್ದರೆ ಬದಲಿಸಿ, ಒದ್ದೆ ಬಚ್ಚಲಲ್ಲಿ ಜಾರುವುದು ಅದೇ.

ವೈದ್ಯರು ಕೇಳದಿದ್ದರೂ ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದರು ಅನ್ನುವುದನ್ನು ಹೇಳಿ. ಬೈಯುತ್ತಾರೆಂದು ಅಜ್ಜಿ ಮುಚ್ಚಿಟ್ಟಿರುತ್ತಾರೆ, ಮೆಲ್ಲಗೆ ಕೇಳಿ. ಇದ್ದಕ್ಕಿದ್ದಂತೆ ಒಂದು ಕಾಲು ಎಳೆಯತೊಡಗಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಈ ಅಳತೆಯೆಲ್ಲ ಪಕ್ಕಕ್ಕಿಟ್ಟು 108ಕ್ಕೆ ಕರೆ ಮಾಡಿ.