ನಾಯಿಮರಿಗೆ ಹೊರಗೆ ಹೋಗುವ ಅಭ್ಯಾಸ ಮಾಡಿಸೋದು ಹೇಗೆ?

ಹೊಸದಾಗಿ ನಾಯಿಮರಿ ತಂದವರಿಗೆ ಒಂದು ಮಾತು. ಮರಿ ಮನೆಯೊಳಗೆ ಉಚ್ಚೆ ಮಾಡುವುದು ಹಟಕ್ಕಲ್ಲ. ಅದಕ್ಕೆ ತಡೆದುಕೊಳ್ಳಲು ಆಗುವುದಿಲ್ಲ, ಅಷ್ಟೇ. 2 ತಿಂಗಳ ಮರಿ ಹಗಲಲ್ಲಿ ಹೆಚ್ಚೆಂದರೆ 2 ಗಂಟೆ ತಡೆದೀತು. ಹಾಗಾಗಿ ನಾವೇ ಮೊದಲು ಕರೆದುಕೊಂಡು ಹೋಗಬೇಕು: ನಿದ್ದೆಯಿಂದ ಎದ್ದ ಕೂಡಲೇ, ಆಟ ಮುಗಿದ ಮೇಲೆ, ಊಟವಾಗಿ ಕಾಲು ಗಂಟೆಗೆ. ನಡುವೆ ಮೂಗು ನೆಲಕ್ಕೆ ಹಚ್ಚಿ ಸುತ್ತು ಹೊಡೆಯಲು ಶುರು ಮಾಡಿತೋ, ಎತ್ತಿಕೊಂಡು ಓಡಿ!

ದಿನಾ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಹಳೇ ವಾಸನೆ ಸಿಕ್ಕರೆ ಬಂದ ಕೆಲಸ ನೆನಪಾಗುತ್ತದೆ. ನೀವು ಸುಮ್ನೆ ನಿಂತಿರಿ, ಮುದ್ದು ಮಾತು ಬೇಡ. ಮುಗಿಸಿದ ತಕ್ಷಣ ಅಲ್ಲೇ ತಿಂಡಿ ಕೊಡಿ. ಒಳಗೆ ಬಂದು ಕೊಟ್ಟರೆ, ಬಾಗಿಲು ದಾಟಿದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತದೆ. ಮಾಡಿದ ಕೂಡಲೇ ಒಳಗೆ ಎಳೆದು ತರಬೇಡಿ, ಸ್ವಲ್ಪ ಆಡಲು ಬಿಡಿ. ಇಲ್ಲದಿದ್ದರೆ ಹೊರಗಿರುವ ಆಸೆಗೆ ಬೇಕಂತಲೇ ತಡ ಮಾಡುವ ಜಾಣ ಮರಿಗಳೂ ಇವೆ.

ಮೂಗು ಹಿಡಿದು ಉಚ್ಚೆಗೆ ತಿಕ್ಕುವ ಹಳೇ ಪದ್ಧತಿ ಶುದ್ಧ ತಪ್ಪು. ಅದರಿಂದ ಮರಿ ಕಲಿಯುವುದು ನಿಮ್ಮ ಕಣ್ಣು ತಪ್ಪಿಸಿ ಸೋಫಾ ಹಿಂದೆ ಮಾಡುವುದನ್ನು. ನೆಲ ಒರೆಸಲು, ಉಚ್ಚೆಯ ವಾಸನೆಯನ್ನು ಬುಡದಿಂದಲೇ ತೆಗೆಯುವ ಎನ್‌ಜೈಮ್ ಕ್ಲೀನರ್ ಒಳ್ಳೆಯದು. ಅಮೋನಿಯಾ ಇರುವುದು ಬೇಡ, ಅದರ ವಾಸನೆಯೂ ಉಚ್ಚೆಯದೇ ಅಲ್ವಾ?

ಲಸಿಕೆ ಪೂರ್ತಿ ಆಗುವವರೆಗೆ ಬೇರೆ ನಾಯಿಗಳು ಓಡಾಡುವ ಜಾಗ ಬೇಡ, ಪಾರ್ವೋ ಎಂಬ ಮಾರಕ ವೈರಸ್ ರೋಗದ ಅಪಾಯವಿದೆ. ಚೆನ್ನಾಗಿ ಕಲಿತ ಮರಿ ಇದ್ದಕ್ಕಿದ್ದಂತೆ ಪದೇ ಪದೇ ಚೂರು ಚೂರೇ ಉಚ್ಚೆ ಮಾಡತೊಡಗಿದರೆ ಡಾಕ್ಟರಿಗೆ ತೋರಿಸಿ, ಮೂತ್ರದ ಸೋಂಕು ಇರಬಹುದು.