ಅಕ್ಕಿ ಇತ್ತು, ಹೇರುವವರಿರಲಿಲ್ಲ: ಲಾಕ್‌ಡೌನ್‌ನಲ್ಲಿ ನಮ್ಮ ಕಿರಾಣಿ ಅಂಗಡಿ

ಕೊಪ್ಪಳ ಜಿಲ್ಲೆಯ ನಮ್ಮ ಗಂಗಾವತಿಯಲ್ಲಿ ಅಕ್ಕಿಗೆ ತಾಪತ್ರಯ ಆಯ್ತು ಅಂದರೆ ಹೊರಗಿನವರು ನಗುತ್ತಾರೆ. ಊರ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆ, ಕಾರಟಗಿ ಕಡೆ ಹೊರಟರೆ ಸಾಲುಸಾಲು ರೈಸ್ ಮಿಲ್. ಸೋನಾ ಮಸೂರಿ ಇಲ್ಲಿಂದಲೇ ಬೆಂಗಳೂರಿಗೆ ಹೋಗುತ್ತದೆ. ಆದರೂ 2020ರ ಏಪ್ರಿಲ್ ಮೊದಲ ವಾರ ನಮ್ಮ ಅಂಗಡಿಯಲ್ಲಿ 25 ಕೆಜಿಯ ಅಕ್ಕಿ ಚೀಲ ಒಂದೂ ಇರಲಿಲ್ಲ. ಮಿಲ್‌ನಲ್ಲಿ ಅಕ್ಕಿ ಇತ್ತು. ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಗಾಡಿಗೆ ಹೇರುವವರು ಇರಲಿಲ್ಲ. ಹಮಾಲರಲ್ಲಿ ಸ್ಥಳೀಯರು ಯುಗಾದಿಗೆಂದು ತಮ್ಮ ಹಳ್ಳಿಗೆ ಹೋದವರು ಅಲ್ಲೇ ಉಳಿದರು. ಬಿಹಾರದ ಹುಡುಗರು ಶೆಡ್ಡಿನಲ್ಲೇ ಇದ್ದರು, ಆದರೆ ಪೊಲೀಸರ ಲಾಠಿಗೆ ಹೆದರಿ ರಸ್ತೆಗೆ ಇಳಿಯುತ್ತಿರಲಿಲ್ಲ.

ಆಗ ಟಿವಿಯಲ್ಲಿ ದಿನಾ ಒಂದೇ ಮಾತು: ದೇಶದಲ್ಲಿ ಧಾನ್ಯದ ದಾಸ್ತಾನಿಗೆ ಕೊರತೆ ಇಲ್ಲ. ಅದು ನಿಜವೇ. ಗೋದಾಮಿನಲ್ಲಿ ಇದ್ದದ್ದು ಓಣಿಯ ಕೊನೇ ಮನೆಯ ಡಬ್ಬಿಗೆ ಬಂದು ಬೀಳೋ ತನಕ ಎಷ್ಟು ಕೈ ಬೇಕು ಅನ್ನೋದು ಗಲ್ಲೆ ಮೇಲೆ ಕೂತವರಿಗೆ ಮಾತ್ರ ಗೊತ್ತು.

ನಮ್ಮದು ಮನೆಯ ಮುಂದಿನ ಕೋಣೆಯಲ್ಲೇ ಇರುವ ಸಣ್ಣ ಕಿರಾಣಿ ಅಂಗಡಿ. ನಾನು ಗಲ್ಲೆ ಮತ್ತು ಲೆಕ್ಕ ನೋಡುತ್ತೇನೆ, ನಮ್ಮ ಮನೆಯವರು ಮಾಲು ತರುತ್ತಾರೆ. ಓಣಿಯಲ್ಲಿ ಮಿಲ್ ಕೂಲಿಯವರು, ಗೌಂಡಿ ಕೆಲಸದವರು, ಟಂಟಂ (ಮೂರು ಗಾಲಿಯ ಆಟೋ) ಓಡಿಸುವವರು ಜಾಸ್ತಿ. ಸಂಬಳದವರ ಮನೆ ನಾಲ್ಕೈದು ಇವೆ.

2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಹಿಂದಿನ ರಾತ್ರಿ 8 ಗಂಟೆಗೆ ಪ್ರಧಾನಿ ಕೊರೊನಾಕ್ಕೆಂದು 21 ದಿನದ ಲಾಕ್‌ಡೌನ್ ಅಂದರು. ನಾವು ಹಬ್ಬಕ್ಕೆಂದು ಹೋಳಿಗೆಯ ಕಡ್ಲಿಬೇಳೆ, ಬೆಲ್ಲ, ಬೇವಿಗೆ ಹಾಕುವ ಪುಟಾಣಿ, ಉತ್ತತ್ತಿ ಎಲ್ಲ ಜಾಸ್ತಿ ತಂದಿಟ್ಟಿದ್ದೆವು. ಆ ರಾತ್ರಿ ಜನ ಮುಗಿಬಿದ್ದದ್ದು ಅದಕ್ಕಲ್ಲ. ಮೊದಲು ಖಾಲಿಯಾದದ್ದು ಪಾರ್ಲೆ-ಜಿ. ಆಮೇಲೆ ಗೋಧಿ ಹಿಟ್ಟಿನ ಪ್ಯಾಕೆಟ್, ರವಾ, ಎಣ್ಣೆ, ಚಹಾಪುಡಿ. ಜೋಳ ಯಾರೂ ಕೇಳಲಿಲ್ಲ. ನಮ್ಮ ಕಡೆ ದಿನಾ ರೊಟ್ಟಿ ತಿನ್ನುವ ಮಂದಿ, ಗಾಬರಿಯಾದಾಗ ಮಾತ್ರ ಪ್ಯಾಕೆಟ್ಟಿನ ಕಡೆಗೇ ಕೈ ಚಾಚುತ್ತಾರೆ. ಅದೇನೋ, ಪ್ಯಾಕೆಟ್ ಇದ್ದರೆ ಧೈರ್ಯ.

ಒಂದು ತಾಸು ಹಾಗೇ ಕೊಟ್ಟೆವು. ಆಮೇಲೆ ನಾನು ಉದ್ರಿ ಪುಸ್ತಕ ತೆಗೆದು ಗಲ್ಲೆ ಮೇಲೆ ಇಟ್ಟೆ.

ಉದ್ರಿ ಪುಸ್ತಕ ಅಂದರೆ ಸಾಲದ ಲೆಕ್ಕ ಅಷ್ಟೇ ಅಂತ ಎಲ್ಲರೂ ತಿಳಿದಿರುತ್ತಾರೆ. ಆದರೆ ಅದರಲ್ಲಿ ಪ್ರತಿ ಮನೆಗೊಂದು ಪುಟ ಇರುತ್ತದೆ. ಯಾವ ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ, ಎಷ್ಟು ಸಕ್ಕರೆ, ಯಾರ ಮನೆಯಲ್ಲಿ ಚಹಾ ಜಾಸ್ತಿ, ಯಾರು ತೊಗರಿಬೇಳೆ ಬಿಟ್ಟು ಹೆಸರುಬೇಳೆ ಒಯ್ಯುತ್ತಾರೆ, ಎಲ್ಲಾ ಅದರಲ್ಲೇ ಇದೆ. ಹಾಗಾಗಿ ತಲೆಗೆ ಇಷ್ಟು ಅಂತ ಒಂದೇ ಲೆಕ್ಕ ಹಿಡಿಯುವ ಬದಲು, ಯಾರು ಬಂದರೂ ಅವರ ಪುಟ ತೆರೆದು ಹದಿನೈದು ದಿನಕ್ಕೆ ಎಷ್ಟು ಬೇಕೋ ಅಷ್ಟೇ ಕೊಡುವುದು ಅಂತ ಮಾಡಿಕೊಂಡೆವು. ರೊಕ್ಕ ಕೈಯಲ್ಲಿ ಹಿಡಿದು ಬಂದರೂ ಅಷ್ಟೇ, ಉದ್ರಿ ಬರೆಸಿದರೂ ಅಷ್ಟೇ.

ಒಬ್ಬ ಮೇಷ್ಟ್ರು ಹನ್ನೆರಡು ಲೀಟರ್ ಎಣ್ಣೆ ಕೇಳಿದರು.

“ಸರ, ನಿಮ್ಮನಿಗೆ ತಿಂಗಳಿಗೆ ಮೂರು ಲೀಟರ್ ಹೋಗ್ತದ. ಈಗ ಎರಡು ಒಯ್ರಿ, ಮತ್ತ ಬಂದಾಗ ಕೊಡ್ತೀನಿ.”

“ನನ್ನ ರೊಕ್ಕ, ನನ್ನ ಎಣ್ಣಿ. ನೀವ್ಯಾರವ್ವ ಕೇಳಾಕ?”

“ಇದು ಇನ್ನಾ ನನ್ನ ಎಣ್ಣಿ ಐತ್ರಿ ಸರ.”

ಅವರು ಸಿಟ್ಟಾಗಿ ಹೋದರು. ಎಲ್ಲಿಂದಲೋ ಬಾಕ್ಸುಗಟ್ಟಲೆ ಎಣ್ಣೆ, ರವಾ ತಂದರು ಅಂತ ಗೊತ್ತಾಯಿತು. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಹುಳು ಬಿದ್ದ ರವಾ ಹಿಡಿದು ನಮ್ಮ ಅಂಗಡಿಗೇ ಬಂದರು, ಬದಲಿ ಕೊಡ್ರಿ ಅಂತ! ಪುಟ ತೆಗೆದು ತೋರಿಸಿದೆ. ನಕ್ಕು ಹೋದರು. ಈಗಲೂ ನಮ್ಮಲ್ಲೇ ಸಾಮಾನು ಒಯ್ಯುತ್ತಾರೆ.

ಕಷ್ಟ ಆದದ್ದು ಪುಟ ಇಲ್ಲದವರದ್ದು. ಬೆಂಗಳೂರಿಗೆ, ಗೋವಾಕ್ಕೆ ಗುಳೆ ಹೋದವರು ರಾತ್ರೋರಾತ್ರಿ ಮರಳಿ ಬಂದಿದ್ದರು. ಒಂದು ಮನೆಯಲ್ಲಿ ಇಬ್ಬರು ಮುದುಕರು ಇದ್ದದ್ದು, ಈಗ ಒಂಬತ್ತು ಜನ. ಮುದುಕರ ಪುಟದ ಲೆಕ್ಕ ಹಿಡಿದರೆ ಮಕ್ಕಳು ಉಪವಾಸ. ಅಂಥ ಮನೆಗಳಿಗೆ ನಾನೇ ಹೋಗಿ ಬಾಗಿಲಲ್ಲಿ ನಿಂತು ಎಷ್ಟು ಜನ ಇದ್ದೀರಿ ಅಂತ ಕೇಳಿ ಬರೆದುಕೊಂಡು ಬಂದೆ. ಎಷ್ಟು ಬೇಕು ಅಂತ ಕೇಳಿದರೆ ಒಬ್ಬರು ಜಾಸ್ತಿ ಹೇಳುತ್ತಾರೆ, ಇನ್ನೊಬ್ಬರು ನಾಚಿಕೆಗೆ ಕಡಿಮೆ ಹೇಳುತ್ತಾರೆ. ಎಷ್ಟು ಜನ ಉಣ್ಣುತ್ತೀರಿ ಅಂದರೆ ಎಲ್ಲರೂ ಸರಿಯಾಗಿಯೇ ಹೇಳುತ್ತಿದ್ದರು.

ಇನ್ನು ಮಾಲು ತರುವ ಗೋಳು. ಮೊದಲೆಲ್ಲ ಕಂಪನಿಯ ಸೇಲ್ಸ್‌ಮನ್ ವಾರಕ್ಕೊಮ್ಮೆ ಬಂದು ಆರ್ಡರ್ ಬರೆದುಕೊಳ್ಳುತ್ತಿದ್ದ, ಎರಡು ದಿನಕ್ಕೆ ಗಾಡಿ ಬರುತ್ತಿತ್ತು, ರೊಕ್ಕ ಮುಂದಿನ ವಾರ. ಲಾಕ್‌ಡೌನ್ ಆದದ್ದೇ ತಡ ಸೇಲ್ಸ್‌ಮನ್ ಬರಲಿಲ್ಲ, ಗಾಡಿ ಬರಲಿಲ್ಲ, ವಾಯಿದೆಯೂ ಹೋಯಿತು. ಎಲ್ಲಾ ರೋಖ್, ಅಲ್ಲೇ ರೊಕ್ಕ ಎಣಿಸಬೇಕು. ಓಣಿಯವರಿಗೆ ನಾವು ಉದ್ರಿ ಕೊಡಬೇಕು, ನಮಗೆ ಮಾತ್ರ ಯಾರೂ ಕೊಡಲ್ಲ. ಇದನ್ನು ಯಾವ ಚಾನೆಲ್ಲೂ ಹೇಳಲಿಲ್ಲ ನೋಡಿ. ನನ್ನ ಎರಡು ಬಳೆ ಅಡವಿಟ್ಟು ರೊಕ್ಕ ಹೊಂದಿಸಿದೆವು.

ಒಬ್ಬ ಹೋಲ್‌ಸೇಲ್ ವ್ಯಾಪಾರಿ ಎಣ್ಣೆ ಬೇಕಾದರೆ ಜೊತೆಗೆ ಶಾಂಪೂ, ಸೆಂಟಿನ ಡಬ್ಬಿ ಒಯ್ಯಲೇಬೇಕು ಅಂದ. ಕಿರಾಣಿಯವರಿಗೆ ಇದು ಹಳೇ ಆಟ, ಬೇಡಿಕೆ ಇರುವುದರ ಜೊತೆ ಹೋಗದ ಮಾಲು ಕಟ್ಟಿ ಕಳಿಸುವುದು. ಅವನನ್ನು ಬಿಟ್ಟೆವು. ಪಕ್ಕದ ಎರಡು ಓಣಿಯ ಕಿರಾಣಿಯವರ ಜೊತೆ ಮಾತಾಡಿ, ಮೂವರೂ ಕೂಡಿ ಗಾಡಿ ಓಡಾಟಕ್ಕೆ ಒಂದೇ ಪಾಸ್, ಒಂದೇ ಟಂಟಂ ಮಾಡಿಕೊಂಡೆವು. ಅಲ್ಲಿವರೆಗೆ ಅವರು ನಮ್ಮ ಗಿರಾಕಿ ಎಳೆಯುತ್ತಾರೆ ಅಂತ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ತೊಗರಿಬೇಳೆ ಕಲಬುರಗಿ ಮಿಲ್ಲಿನದು, ದೊಡ್ಡ ಚೀಲದಲ್ಲಿ ಬರುತ್ತಿತ್ತು. ಸಣ್ಣ ಪ್ಯಾಕೆಟ್ ಮಾಡುವ ಘಟಕಗಳು ನಿಂತಿದ್ದವು, ಚೀಲ ಮಾತ್ರ ಸಿಗುತ್ತಿತ್ತು. ಒಂದು ಚೀಲ ತಂದು ಮೂರು ಪಾಲು.

ರಾತ್ರಿ ಊಟ ಆದ ಮೇಲೆ ಪಡಸಾಲೆಯಲ್ಲಿ ಪೊಟ್ಟಣ ಕಟ್ಟುವ ಕೆಲಸ. ಪ್ಲಾಸ್ಟಿಕ್ ಕವರು ಸಿಗುತ್ತಿರಲಿಲ್ಲ, ಹಳೇ ನ್ಯೂಸ್‌ಪೇಪರಿನಿಂದ ರೋಗ ಬರುತ್ತದೆ ಅಂತ ಜನಕ್ಕೆ ಅನುಮಾನ. ಮಗಳ ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ಕಟ್ಟಿದೆವು. ತಕ್ಕಡಿಯ ಒಂದು ತಟ್ಟೆಗೆ ಕಾಲು ಕೆಜಿ ಕಲ್ಲು, ಅದರ ಜೊತೆ ಒಂದು ಖಾಲಿ ಹಾಳೆ. ಇನ್ನೊಂದು ತಟ್ಟೆಗೆ ಹಾಳೆ ಹಾಸಿ ಬೇಳೆ. ಹಾಳೆಗೆ ಹಾಳೆ ಸರಿಹೋಗಿ ಬೇಳೆಯ ತೂಕ ಪೂರ್ತಿ ಬರುತ್ತದೆ. ಮುಳ್ಳು ನಡುವೆ ನಿಂತ ಮೇಲೆ ನಾಲ್ಕು ಕಾಳು ಮೇಲೆ, ಅದು ನಮ್ಮ ಅತ್ತೆಯ ರೂಢಿ. ಮಗಳು ಹಾಳೆ ಮಡಿಚಿ ದಾರ ಸುತ್ತುತ್ತಿದ್ದಳು. ಬೇಳೆಯ ಪೊಟ್ಟಣದ ಮೇಲೆ ಅವಳ ಆರನೇ ಕ್ಲಾಸಿನ ವಿಜ್ಞಾನ. ರಾತ್ರಿಯೇ ಕಟ್ಟಿಟ್ಟರೆ ಬೆಳಗ್ಗೆ ಒಬ್ಬ ಗಿರಾಕಿ ಅಂಗಡಿ ಮುಂದೆ ನಿಲ್ಲುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಸುಣ್ಣದ ಚೌಕ ಹಾಕಿ ದೂರ ನಿಲ್ಲಿಸುವುದಕ್ಕಿಂತ ಇದೇ ಹೆಚ್ಚು ಕೆಲಸಕ್ಕೆ ಬಂತು. ಚೌಕ ಎರಡು ದಿನಕ್ಕೆ ಅಳಿಸಿಹೋಗುತ್ತಿತ್ತು, ಇರುವಾಗಲೂ ಒಂದೊಂದರಲ್ಲಿ ಮೂವರು ನಿಂತು ಮಾತಾಡುತ್ತಿದ್ದರು.

ಗೋಧಿ ಹಿಟ್ಟು ಬಹಳ ದಿನ ಬರಲೇ ಇಲ್ಲ. ಜೋಳ ಇತ್ತು, ಗಿರಣಿ ಮಾತ್ರ ಬೆಳಗ್ಗೆ ಸ್ವಲ್ಪ ಹೊತ್ತು. ಗಿರಣಿ ಮುಂದೆ ಗುಂಪು ಆಗುತ್ತದೆ ಅಂತ ಪೊಲೀಸರು ಬೈದು ಹೋಗಿದ್ದರು. ಅದಕ್ಕೆ ಜನ ನಿಲ್ಲುವುದು ಬೇಡ, ಡಬ್ಬಿ ನಿಲ್ಲಲಿ ಅಂದೆವು. ಜೋಳ ನಮ್ಮಲ್ಲೇ ತಗೊಂಡು, ಡಬ್ಬಿಗೆ ಹೆಸರು ಬರೆದ ಚೀಟಿ ಹಚ್ಚಿ ಬಿಟ್ಟು ಹೋದರೆ ಬೀಸಿದ ಹಿಟ್ಟು ಮಧ್ಯಾಹ್ನ ಮನೆಗೆ. ನಮ್ಮ ಕಟ್ಟೆ ತುಂಬ ಅಲ್ಯೂಮಿನಿಯಂ ಡಬ್ಬಿ, ಸ್ಟೀಲ್ ಡಬ್ಬಿ, ಬಣ್ಣದ ಬಕೀಟು. ಹೆಸರಿಲ್ಲದ ಡಬ್ಬಿ ಬಂದರೂ ಡೊಂಕು ನೋಡಿಯೇ ಯಾರದ್ದು ಅಂತ ಗಿರಣಿಯವರು ಹೇಳುತ್ತಿದ್ದರು.

ತೊಗರಿ ಕಡಿಮೆ ಬಿದ್ದ ದಿನ ಹೆಸರುಕಾಳು, ಮಡಕಿಕಾಳು ಮುಂದೆ ಇಡುತ್ತಿದ್ದೆ. ರೊಟ್ಟಿ ಜೊತೆ ಕಾಳುಪಲ್ಯ ಆದರೆ ಯಾರೂ ಬೇಡ ಅನ್ನಲ್ಲ. ತರಕಾರಿ ಕಥೆ ಉಲ್ಟಾ. ಸಂತೆ ಬಂದ್ ಆಗಿ ರೈತರ ಟೊಮೆಟೊ, ಕಲ್ಲಂಗಡಿ ಹೊಲದಲ್ಲೇ ಕೊಳೆಯುತ್ತಿತ್ತು. ಪರಿಚಯದ ಒಬ್ಬ ರೈತರು ಟಂಟಂನಲ್ಲಿ ತಂದು ನಮ್ಮ ಕಟ್ಟೆಗೆ ಸುರಿದು ಬಂದಷ್ಟು ಕೊಡ್ರಿ ಅಂದರು. ಸ್ಯಾನಿಟೈಸರ್ ಮಾತ್ರ ಇಡಲಿಲ್ಲ. 200 ಮಿಲಿಗೆ 100 ರೂಪಾಯಿ ಮೀರಬಾರದು ಅಂತ ಸರ್ಕಾರ ಹೇಳಿತ್ತು, ತಂದು ಕೊಡುವವರೇ ಅದಕ್ಕಿಂತ ಜಾಸ್ತಿ ಕೇಳುತ್ತಿದ್ದರು. ಸೋಪು ಸಾಕು ಅಂದೆ.

ಏಪ್ರಿಲ್‌ನಲ್ಲಿ ನ್ಯಾಯಬೆಲೆ ಅಂಗಡಿಯಲ್ಲಿ ಎರಡು ತಿಂಗಳ ಪಡಿತರ ಒಟ್ಟಿಗೆ ಕೊಟ್ಟರು. ಕೂಲಿಯವರ ಮನೆಗೆ ಅಕ್ಕಿ ಬಂತು. ಬರೀ ಅಕ್ಕಿ ಇಟ್ಟುಕೊಂಡು ಏನು ಮಾಡೋದು? ಎಣ್ಣೆ, ಖಾರ, ಬೇಳೆ, ಚಹಾಪುಡಿಗೆ ರೊಕ್ಕ ಬೇಕಲ್ಲ. ಆಗಲೇ ಜನಧನ್ ಖಾತೆಯ ಹೆಣ್ಣುಮಕ್ಕಳಿಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು ಹಾಕಿದರು. ಬ್ಯಾಂಕಿನಲ್ಲಿ ನೂಕುನುಗ್ಗಲು ಆಗಬಾರದು ಅಂತ ಖಾತೆ ನಂಬರಿನ ಕೊನೆಯ ಅಂಕಿ ನೋಡಿ ಬೇರೆ ಬೇರೆ ದಿನ ಹಂಚಿದ್ದರು. ಏಪ್ರಿಲ್ 3ಕ್ಕೆ 0 ಮತ್ತು 1ರವರು, ಮರುದಿನ 2 ಮತ್ತು 3ರವರು, ಹೀಗೆ. ಓಣಿಯ ಹೆಣ್ಣುಮಕ್ಕಳ ಪಾಸ್‌ಬುಕ್ ನೋಡಿ ಯಾರ ದಿನ ಯಾವಾಗ ಅಂತ ನಾನೂ ಬರೆದುಕೊಂಡೆ. ಆ ದಿನಕ್ಕೆ ಅವರ ಸಾಮಾನು ಅಂಗಡಿಯಲ್ಲಿ ಇರಲೇಬೇಕಲ್ಲ.

ಆ 500ಕ್ಕೆ ಅಂತಲೇ ಒಂದು ಚೀಲ ಮಾಡಿದೆವು. ಒಂದು ಲೀಟರ್ ಪಾಮ್ ಎಣ್ಣೆ, ಅರ್ಧ ಕೆಜಿ ತೊಗರಿಬೇಳೆ, ಅರ್ಧ ಕೆಜಿ ಸಕ್ಕರೆ, 100 ಗ್ರಾಂ ಚಹಾಪುಡಿ, ಖಾರದ ಪುಡಿ, ಉಪ್ಪು, ಒಂದು ಬಟ್ಟೆ ಸೋಪು. ಎಲ್ಲಾ ಸೇರಿ 250 ರೂಪಾಯಿ ಒಳಗೆ ಬರುವಂತೆ ನೋಡಿಕೊಂಡೆ. ಉಳಿದ ಅರ್ಧ ಹಾಲು, ಗುಳಿಗೆ, ಫೋನಿನ ಕರೆನ್ಸಿಗೆ ಇರಲಿ ಅಂತ. ಒಬ್ಬ ಅಜ್ಜಿ ಸಕ್ಕರೆ ತೆಗೆದು ಅಷ್ಟಕ್ಕೂ ಎಲೆ, ಅಡಿಕೆ ಹಾಕು ಯವ್ವಾ ಅಂದಳು. ಹಾಕಿದೆ. ಗುಟ್ಕಾ, ಬೀಡಿಗೆ ಮಾತ್ರ ಉದ್ರಿ ಇಲ್ಲ ಅಂತ ಮೊದಲೇ ಬೋರ್ಡ್ ಬರೆದಿಟ್ಟಿದ್ದೆ. ಕದ್ದುಮುಚ್ಚಿ ಮೂರು ಪಟ್ಟು ರೇಟಿಗೆ ಮಾರುವವರು ಊರಲ್ಲಿ ಸಾಕಷ್ಟು ಇದ್ದರು, ಆ ಗಳಿಕೆ ನಮಗೆ ಬೇಡವಾಗಿತ್ತು.

ಮೇ ಶುರುವಿನಲ್ಲಿ ನಮ್ಮ ಕೊಪ್ಪಳ, ಪಕ್ಕದ ರಾಯಚೂರು ಎರಡೂ ಜಿಲ್ಲೆ ಹಸಿರು ವಲಯ, ಅಂದರೆ ಸೋಂಕು ಇಲ್ಲದ ಜಿಲ್ಲೆ ಅಂತ ಆದವು. ಗಾಡಿ ಓಡಾಟ ಶುರುವಾಯಿತು, ಮಾಲು ಬಂತು.

2021ರ ಲಾಕ್‌ಡೌನ್ ಬೇರೆಯೇ. ಏಪ್ರಿಲ್ ಕೊನೆಯಿಂದ ಬೆಳಗ್ಗೆ 6ರಿಂದ 10ರ ತನಕ ಅಷ್ಟೇ ವ್ಯಾಪಾರ. ಮೇನಲ್ಲಿ ಕೆಲವು ದಿನ ಅದೂ ಬಂದ್. ಈ ಸಲ ಮಾಲಿಗೆ ಕೊರತೆ ಇರಲಿಲ್ಲ, ರೇಟಿಗೆ ಕೈ ಸುಡುತ್ತಿತ್ತು. ವರ್ಷದ ಹಿಂದೆ ಲೀಟರಿಗೆ 100ರ ಆಸುಪಾಸು ಇದ್ದ ಸೂರ್ಯಕಾಂತಿ ಎಣ್ಣೆ 170 ದಾಟಿತ್ತು. ನಮ್ಮ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ, ಅಲ್ಲಿ ರೇಟು ಏರಿದರೆ ನಮ್ಮ ಗಲ್ಲೆಗೆ ಬಂದು ತಟ್ಟುತ್ತದೆ. ಜನ ನಮ್ಮನ್ನೇ ಬೈದರು. ಬಿಲ್ಲು ತೋರಿಸಿದರೂ ಬೈದರು. ಒಂದು ಲೀಟರ್ ಒಯ್ಯುವವರು ಅರ್ಧ ಲೀಟರಿಗೆ ಬಂದರು.

ಈ ಸಲ ರೋಗ ಓಣಿಯೊಳಗೇ ಬಂದಿತ್ತು. ಮನೆಯಲ್ಲೇ ಇರಬೇಕಾದವರು ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತಿದ್ದರು. ಕೆಮ್ಮಿನ ನಡುವೆ ಸಾಮಾನಿನ ಹೆಸರು ಬಿಡಿಸಿಕೊಳ್ಳಲು ಎರಡು ಮೂರು ಸಲ ಕೇಳಬೇಕಾಗುತ್ತಿತ್ತು. ಗಂಜಿಗೆ ಅಕ್ಕಿ ನುಚ್ಚು, ಮೆಣಸು, ಒಣಶುಂಠಿ, ಅರಿಶಿನ. ಎಷ್ಟು ದಿನದ್ದು ಅಂತ ನಾನೇ ಕೇಳಿ ಒಂದೇ ಸಲ ಕಳಿಸುತ್ತಿದ್ದೆ, ಮತ್ತೆ ಮತ್ತೆ ಆ ಬಾಗಿಲಿಗೆ ಹೋಗುವುದು ತಪ್ಪಲಿ ಅಂತ. ನಮ್ಮ ಮನೆಯವರು ಚೀಲವನ್ನು ಗೇಟಿಗೆ ಸಿಕ್ಕಿಸಿ, ಫೋನ್ ಮಾಡಿ, ಅವರು ಬಾಗಿಲು ತೆರೆಯುವ ಮೊದಲೇ ಹೊರಟುಬಿಡುತ್ತಿದ್ದರು. ರೊಕ್ಕ ಫೋನಿನಲ್ಲೇ ಬರುತ್ತಿತ್ತು, ಇಲ್ಲದವರದ್ದು ಪುಟಕ್ಕೆ.

ಬಾಕಿ ಎಷ್ಟು ಮುಳುಗಿತು ಅಂತ ಕೇಳುವವರೇ ಜಾಸ್ತಿ. ನಾಟಿ, ಕೊಯ್ಲಿನ ಕೂಲಿ ಕೈಗೆ ಬಂದ ಮೇಲೆ ಬಹಳಷ್ಟು ಮಂದಿ ಸ್ವಲ್ಪ ಸ್ವಲ್ಪವೇ ತೀರಿಸಿದರು. ಕೆಲವು ಪುಟ ಹಾಗೇ ಇವೆ, ಗುಳೆ ಹೋದವರದ್ದು. ಬಳೆ ಬಿಡಿಸಿಕೊಂಡು ಬಂದೆವು. ಮೂರು ಅಂಗಡಿಯವರು ಕೂಡಿ ಚೀಲ ತರುವುದು ಈಗಲೂ ನಡೆದಿದೆ, ಬಿಡಿ ತಂದರೆ ಬೀಳುವ ರೇಟಿಗಿಂತ ಕಡಿಮೆಗೆ ಬೀಳುತ್ತದೆ. ಜಗಳ ಇರುವುದು ಹಮಾಲಿ ಯಾರು ಕೊಡಬೇಕು ಅನ್ನೋದಕ್ಕೆ ಅಷ್ಟೇ.